ಸೊಪ್ಪು, ಲಭ್ಯವಿದ್ದಲ್ಲಿ

ಕಾಲುವೆ ಕ್ಯಾಂಪು, ಸಿಂಧನೂರು
೧೨ ಜೂನ್ ೧೯೬೮

ಪ್ರಿಯ ಮೆಹರ್,

ನಿನ್ನೆ ಬಂದು ಮುಟ್ಟಿದೆ. ಮಸ್ಕಿಯಲ್ಲಿ ಅಪ್ಪ ಬಸ್ಸಿನ ಕಿಟಕಿಯಿಂದ ಬುತ್ತಿ ಕೊಟ್ಟು, "ಐದು ತಿಂಗಳು ಅಷ್ಟ. ಸರ್ಟಿಫಿಕೇಟು ಕೈಗೆ ಬಂತಂದ್ರ ಮುಂದ ಯಾರ ಮಾತೂ ಕೇಳೋದು ಬ್ಯಾಡ" ಅಂದರು. ನನ್ನನ್ನು ಕಾಲೇಜಿಗೆ ಕಳಿಸಿದ್ದಕ್ಕೆ ಬಳಗದವರೆಲ್ಲ ಅವರ ಜೊತೆ ಮಾತು ಬಿಟ್ಟು ನಾಲ್ಕು ವರ್ಷವಾಯಿತಲ್ಲ, ಆ ಸಿಟ್ಟು ಅವರಿಗಿನ್ನೂ ಇಳಿದಿಲ್ಲ.

ಇಲ್ಲಿ ನನ್ನ ಕೆಲಸವೇನು ಎಂದು ನೀನು ಕೇಳಿದ್ದೆ. ದುಡಿಯುವ ಜನ ಕ್ಯಾಂಟೀನಿನಲ್ಲಿ ಏನು ಉಣ್ಣುತ್ತಾರೆ ನೋಡಬೇಕು, ಅದರಲ್ಲಿ ಏನು ಕಡಿಮೆಯಿದೆ ಬರೆಯಬೇಕು, ಮೈಗೆ ಒಳ್ಳೆಯದನ್ನು ಉಣ್ಣುವ ರೂಢಿ ಮಾಡಿಸಬೇಕು. ಕೊನೆಗೊಂದು ವರದಿ. ಇಲ್ಲಿನವರು 'ತೃಪ್ತಿಕರ' ಎಂದು ಸಹಿ ಮಾಡಿದರೆ ತರಬೇತಿ ಮುಗಿದಂತೆ, ನಾನು ಡಯಟಿಷಿಯನ್.

ಕ್ಯಾಂಟೀನು ಎಂದರೆ ತಗಡಿನ ಶೆಡ್ಡು, ಮೂರು ಕಡೆ ತಟ್ಟಿ. ಮಧ್ಯಾಹ್ನ ಮುನ್ನೂರು ಮಂದಿ ಒಮ್ಮೆಗೇ ಬರುತ್ತಾರೆ. ಕಲ್ಲು ಒಡೆಯುವವರು, ಮಣ್ಣು ಹೊರುವ ಹೆಂಗಸರು, ಪಾಲಮೂರು ಕಡೆಯ ತೆಲುಗಿನವರು. ಗುತ್ತಿಗೆದಾರರು ಇರುವುದು ಹೈದರಾಬಾದಿನಲ್ಲಿ. ಇಲ್ಲಿ ಎಲ್ಲವೂ ಅವರ ಕಾರಭಾರಿ ಮುದುಕಪ್ಪನವರದು. ಉಗ್ರಾಣದ ಕೀಲಿ ಅವರ ಉಡಿದಾರದಲ್ಲಿ.

ಒಲೆಯ ಮುಂದೆ ನಿನ್ನ ಅಮ್ಮೀ ಇದ್ದರು. ನೀನು ಮೊದಲೇ ಬರೆದಿದ್ದರೂ ಕಣ್ಣಾರೆ ನೋಡಿ ಚೀಲ ಕೆಳಗಿಟ್ಟು ಹತ್ತಿರ ಓಡಿದೆ. "ಅಮರವ್ವಾ! ನಮ್ಮ ಮೆಹರೂನ ಗೆಳತಿ!" ಎಂದು ಹಿಟ್ಟಿನ ಕೈಯಲ್ಲೇ ಕೆನ್ನೆ ಹಿಡಿದರು. ಆಮೇಲೆ ನಾನು ಪುಸ್ತಕ ತೆರೆದು ಬರೆಯಲು ಕೂತದ್ದು ನೋಡಿ ಸ್ವಲ್ಪ ಬಿಗಿಯಾದರು. ಬರೆಯುವುದೇನಿತ್ತು? ಬಿಳಿ ಅನ್ನದ ರಾಶಿ, ನೀರಿನಂಥ ಸಾರು, ಎರಡು ಮೆಣಸಿನಕಾಯಿ ಭಜಿ. ಸೊಪ್ಪಿನ ಒಂದೆಸಳೂ ಇಲ್ಲ.

"ಖಾಲಾ, ಭಜಿ ಬಿಟ್ಟು ಆ ಎಣ್ಣ್ಯಾಗ ಪಲ್ಯ ಮಾಡಿದ್ರ?" ಅಂದೆ.

"ಕಲ್ಲು ಹೊತ್ತು ಬಂದೋರಿಗೆ ಹುಲ್ಲು ತಿನ್ನಸ್ತೀಯೇನವ್ವಾ?" ಅಂದರು.

ಸೋತೆ ಅಂತ ತಿಳಿಯಬೇಡ. ಇನ್ನೂ ಮೊದಲ ದಿನ.

ನಿನ್ನ,
ಅಮರಾ

———

ಲಿಂಗಸುಗೂರು
೨೫ ಜೂನ್ ೧೯೬೮

ಅಮರಾ,

ನಿನ್ನ ಕಾಗದವನ್ನು ಮಕ್ಕಳಿಗೆ ಮಗ್ಗಿ ಬರೆಯಲು ಹಚ್ಚಿ ತರಗತಿಯಲ್ಲೇ ಓದಿದೆ. 'ಹುಲ್ಲು' ಎಂಬಲ್ಲಿ ನಗು ತಡೆಯಲಾಗಲಿಲ್ಲ. ಅಮ್ಮೀ ಹಾಗೆ ಅನ್ನದೆ ಇನ್ನೇನು ಅಂದಾರು!

ನಿನಗೆ ಒಂದು ಮಾತು ಹೇಳಬೇಕು. ಅಬ್ಬಾ ತೀರಿದಾಗ ನಾನು ಏಳನೆಯ ಈಯತ್ತೆ. ಲಿಂಗಸುಗೂರಿನ ಯಾವ ಮದುವೆಯಿರಲಿ, ಐನೂರು ಎಲೆಯ ಅಡುಗೆಗೆ ನಮ್ಮ ಅಮ್ಮೀ ಶಂಶಾದ್‌ಬೀಯನ್ನೇ ಕರೆಯುತ್ತಿದ್ದರು. ಆ ಒಲೆಯ ಮುಂದೆ ಕೂತೇ ನನ್ನನ್ನು ಮೆಟ್ರಿಕ್ ಮಾಡಿಸಿದರು. ಮುಂದೆ ಓದಿಸಲು ಆಗಲಿಲ್ಲ. ನೀನು ಬೆಂಗಳೂರಿಗೆ ಹೊರಟ ದಿನ ನಾನು ಬಸ್ ಸ್ಟ್ಯಾಂಡಿಗೆ ಯಾಕೆ ಬರಲಿಲ್ಲ ಎಂದು ನೀನು ಒಮ್ಮೆಯೂ ಕೇಳಲಿಲ್ಲ. ಒಳ್ಳೆಯದಾಯಿತು, ಕೇಳಿದ್ದರೆ ಸುಳ್ಳು ಹೇಳಬೇಕಾಗುತ್ತಿತ್ತು.

ಈಗ ನನಗೆ ಸಂಬಳ ಬರುತ್ತದೆ, ಮನೆಯಲ್ಲಿ ಇರು ಅಂದರೆ ಅಮ್ಮೀ ಕೇಳುವುದಿಲ್ಲ. "ಕೈ ಸುಮ್ಕ ಕುಂದ್ರಂಗಿಲ್ಲ ಬೇಟಾ" ಅನ್ನುತ್ತಾರೆ. ಅವರಿಗೆ ಆಸ್ತಿ ಅಂತ ಇರುವುದು ಒಂದೇ. ಅವರ ಕೈಯಡುಗೆಯಲ್ಲಿ ಯಾರೂ ಕೊಂಕು ತೆಗೆದಿಲ್ಲ, ಅವರು ಅಳೆದು ಹಾಕಿದ ಸಾಮಾನನ್ನು ಯಾರೂ ತಿರುಗಿ ಅಳೆದಿಲ್ಲ. ಅದೊಂದು ನೋಡಿಕೋ. ಪುಸ್ತಕ ಹಿಡಿದು ಅವರಿಗೆ ಉಪ್ಪಿನ ಪ್ರಮಾಣ ಹೇಳಬೇಡ. ಕೇಳು. ಅವರೇ ಹಾದಿ ತೋರಿಸುತ್ತಾರೆ.

ಮೆಹರಬಾನು

———

ಕಾಲುವೆ ಕ್ಯಾಂಪು
೪ ಆಗಸ್ಟ್ ೧೯೬೮

ಪ್ರಿಯ ಮೆಹರ್,

ನೀನು ಹೇಳಿದಂತೆಯೇ ಆಯಿತು. ಮೊದಲೆರಡು ವಾರ ನಾನು ಬಣ್ಣದ ಚಿತ್ರ ತೂಗುಹಾಕಿ, ಊಟದ ಹೊತ್ತಿನಲ್ಲಿ ನಿಂತು ಭಾಷಣ ಮಾಡಿದ್ದೇ ಮಾಡಿದ್ದು. ಜನ ಕೇಳಿ, ನಕ್ಕು, ರಾಜಗಿರಿ ಸೊಪ್ಪಿನ ಪಲ್ಯವನ್ನು ತಾಟಿನ ಅಂಚಿಗೆ ಸರಿಸಿ ಎದ್ದರು. ಅದನ್ನೆಲ್ಲ ಆಡುಗಳು ತಿಂದವು. ನನಗೆ 'ಪಲ್ಯದಕ್ಕೋರು' ಎಂಬ ಹೆಸರು ಮಾತ್ರ ಉಳಿಯಿತು.

ಒಂದು ದಿನ ಶೆಡ್ಡಿನ ಹಿಂದೆ ಕೂತು ಅತ್ತೆ. ಖಾಲಾ ಬಂದು ಪಕ್ಕದಲ್ಲಿ ಕೂತರು. "ನಿನ್ನ ಪುಸ್ತಕ ನನಗ ಗೊತ್ತಿಲ್ಲವ್ವ. ಈ ಮಂದಿ ನಾಲಿಗಿ ಗೊತ್ತೈತಿ. ಏನು ತಿನ್ನಸ್ಬೇಕಂತಿ ಹೇಳು, ಹೆಂಗ ತಿನ್ನಸ್ಬೇಕು ನನಗ ಬಿಡು" ಅಂದರು.

ಮರುದಿನ ಪುಂಡಿಸೊಪ್ಪಿನ ಪಲ್ಯಕ್ಕೆ ಜೋಳದ ನುಚ್ಚು, ಕುಟ್ಟಿದ ಶೇಂಗಾ, ಬೆಳ್ಳುಳ್ಳಿಯ ಒಗ್ಗರಣೆ. ಸಾಲಿನ ಮೊದಲಿಗೆ ಅದನ್ನೇ ಇಟ್ಟರು. ಹಸಿದವರು ಮೊದಲು ಕಂಡದ್ದನ್ನು ಹಾಕಿಸಿಕೊಂಡರು, ಅನ್ನದ ಪಾತ್ರೆ ಮುಟ್ಟುವ ಹೊತ್ತಿಗೆ ತಾಟು ಅರ್ಧ ತುಂಬಿತ್ತು. ಈಗ ಒದ್ದೆ ಚೀಲದಲ್ಲಿ ಕಟ್ಟಿದ ಹೆಸರುಕಾಳು ಮೊಳಕೆಯೊಡೆದರೆ ಹೆಂಗಸರು ಬಂದು ನೋಡಿ ಹೋಗುತ್ತಾರೆ. ಎಣ್ಣೆಯಿಲ್ಲದೆ ಸೊಪ್ಪಿನ ಸತ್ವ ಮೈಗೆ ಹತ್ತುವುದಿಲ್ಲ ಎಂದು ನಾನು ಪಾಠದಲ್ಲಿ ಓದಿದ್ದು. ಅದನ್ನು ಓದದೆಯೂ ಖಾಲಾ ಒಗ್ಗರಣೆಯಿಲ್ಲದ ಪಲ್ಯವನ್ನು ಪಲ್ಯ ಎಂದು ಒಪ್ಪುವುದಿಲ್ಲ.

ಮಾರೆಮ್ಮ ಅಂತ ಒಬ್ಬಳಿದ್ದಾಳೆ, ಮಣ್ಣು ಹೊರುವವಳು, ನಮ್ಮದೇ ವಯಸ್ಸು, ಈಗ ಐದು ತಿಂಗಳ ಬಸುರಿ. ಹೊತ್ತು ಮುಳುಗಿತೆಂದರೆ ಅವಳಿಗೆ ಕಣ್ಣು ಕಾಣುತ್ತಿರಲಿಲ್ಲ. ಗುಡಿಸಲಿಗೆ ಯಾರಾದರೂ ಕೈ ಹಿಡಿದು ಒಯ್ಯಬೇಕು. ಖಾಲಾ ಅವಳಿಗೆ ದಿನಾ ಎರಡು ಸೌಟು ಪಲ್ಯ ಜಾಸ್ತಿ ಹಾಕುತ್ತಿದ್ದರು. ಮೊನ್ನೆ ಸಂಜೆ ಅವಳು ಒಬ್ಬಳೇ ನಡೆದು ಬಂದು ಶೆಡ್ಡಿನ ಬಾಗಿಲಲ್ಲಿ ನಿಂತಳು. "ಅಕ್ಕೋರೆ, ನಿಮ್ಮ ಸೀರಿ ಹಸರ ಐತಲ್ರೀ" ಅಂದಳು. ಖಾಲಾ ಸೌಟು ಕೆಳಗಿಟ್ಟು ಅವಳ ಮುಖವನ್ನೇ ನೋಡಿದರು, ಆಮೇಲೆ ನನ್ನ ಮುಖ.

ಮೆಹರ್, ನಾನು ಓದಿದ್ದಕ್ಕೆ ಅರ್ಥ ಬಂದದ್ದು ಅವತ್ತು.

ನಿನ್ನ,
ಅಮರಾ

———

ಲಿಂಗಸುಗೂರು
೨೦ ಆಗಸ್ಟ್ ೧೯೬೮

ಅಮರಾ,

ಅಮ್ಮೀ ಎರಡು ದಿನ ಬಂದಿದ್ದರು. ಬಂದವರೇ ನನ್ನ ಅಡುಗೆಮನೆಯಲ್ಲಿ ಹೆಸರುಕಾಳು ನೆನೆ ಹಾಕಿದರು! ಮಾತೆತ್ತಿದರೆ ಅಮರವ್ವ ಹಿಂಗಂದಳು, ಅಮರವ್ವ ಹಂಗಂದಳು. "ನಾ ಮೂವತ್ತು ವರ್ಷ ಮಂದಿ ಹೊಟ್ಟಿ ತುಂಬಿಸೀನಿ. ಕಣ್ಣು ಕೊಟ್ಟದ್ದು ಇದ ಮೊದಲು" ಅಂದರು. ನಿಜ ಹೇಳುತ್ತೇನೆ, ನನಗೆ ಸ್ವಲ್ಪ ಹೊಟ್ಟೆಕಿಚ್ಚಾಯಿತು. ನಾನು ಇಷ್ಟು ವರ್ಷ ಜೊತೆಗಿದ್ದು ಅವರ ಮುಖದಲ್ಲಿ ಆ ಕಳೆ ತರಲಿಲ್ಲ.

ಆದರೆ ನನಗೊಂದು ಅನುಮಾನ. ನಿಮ್ಮ ಕಾರಭಾರಿಗೆ ಇದರಿಂದ ಏನು ಬರುತ್ತದೆ? ಶೇಂಗಾ, ಬೇಳೆ, ಸೊಪ್ಪು ತರಿಸುವವರು ಅವರು. ಸುಮ್ಮನೆ ಯಾಕೆ ಒಪ್ಪಿದರು? ಊರಲ್ಲೇ ಉಳಿದು ಇಂಥವರನ್ನು ಕಂಡವಳಾಗಿ ಕೇಳುತ್ತಿದ್ದೇನೆ, ಸಿಟ್ಟಾಗಬೇಡ.

ಮೆಹರ್

———

ಕಾಲುವೆ ಕ್ಯಾಂಪು
೨೯ ಸೆಪ್ಟೆಂಬರ್ ೧೯೬೮

ಪ್ರಿಯ ಮೆಹರ್,

ಬರೆಯಲು ತಡವಾಯಿತು. ವರದಿಯ ಕೆಲಸ ಇತ್ತು.

ನೀನು ಕೇಳಿದ್ದಕ್ಕೆ ಉತ್ತರ ಈಗ ಸಿಕ್ಕಿದೆ ಅನಿಸುತ್ತದೆ. ನಾನು ಬರೆದು ಕೊಟ್ಟದ್ದು ಹೀಗಿತ್ತು. ಅಕ್ಕಿಯನ್ನು ಅರ್ಧಕ್ಕೆ ಇಳಿಸಿ ಆ ಜಾಗದಲ್ಲಿ ಬಿಳಿಜೋಳದ ರೊಟ್ಟಿ ಕೊಡಬೇಕು, ತಲೆಗೆ ಇಷ್ಟು ಬೇಳೆ, ಇಷ್ಟು ಶೇಂಗಾ, ಒಂದು ಹಿಡಿ ಸೊಪ್ಪು ಹಾಕಬೇಕು, ಭಜಿ ಕರಿಯುವ ಎಣ್ಣೆಯನ್ನು ಪಲ್ಯಕ್ಕೆ ಬಳಸಬೇಕು. ಮುದುಕಪ್ಪನವರು ಅದನ್ನು ಟೈಪು ಮಾಡಿಸಿಕೊಂಡು ಬಂದರು. ಅಕ್ಕಿ ಅರ್ಧವಾಗಿತ್ತು. ಜೋಳ ಇತ್ತು, ಆದರೆ ಅಮೆರಿಕದಿಂದ ಹಡಗಿನಲ್ಲಿ ಬಂದ ಅಗ್ಗದ ಕೆಂಪು ಜೋಳ. ಭಜಿ ಬಂದಾಗಿತ್ತು, ಅದರ ಜೊತೆ ಅದರ ಎಣ್ಣೆಯೂ. ಬೇಳೆಯ ತೂಕ ನಾನು ಬರೆದಷ್ಟೇ. ಸೊಪ್ಪು, ಶೇಂಗಾ ಎರಡರ ಮುಂದೆಯೂ ಒಂದು ಪದ ಸೇರಿತ್ತು. ಲಭ್ಯವಿದ್ದಲ್ಲಿ.

"ಇದ್ಯಾಕ್ರೀ?" ಅಂದೆ.

"ಮಳಿ ಬಂದು ಹಾದಿ ಕೆಟ್ರ ಎಲ್ಲಿಂದ ತರೋಣ್ರೀ ಅಕ್ಕೋರೆ? ಸಿಕ್ಕಾಗ ಹಾಕ್ತೀವಿ. ನಿಮ್ಮ ಸಹಿ ಇದ್ರ ಇಂಜಿನಿಯರ ಸಾಹೇಬ್ರು ಒಪ್ತಾರ. ನಿಮ್ಮ ಸರ್ಟಿಫಿಕೇಟಿನ ಕಾಗದಾನೂ ನನ್ನ ಮೇಜಿನ ಮ್ಯಾಲ ಐತಿ. ಎರಡೂ ಒಮ್ಮಿಗೇ ಮುಗಿಸಿಬಿಡೋಣು."

ಅಪ್ಪನ ಮುಖ ಕಣ್ಣ ಮುಂದೆ ಬಂತು. ಸಹಿ ಹಾಕಿದೆ. ಪದ ಒಂದೇ ಅಲ್ಲವೇ, ಖಾಲಾ ಇರುವವರೆಗೆ ಸೊಪ್ಪು ಎಲ್ಲಿಂದಲಾದರೂ ಬರುತ್ತದೆ ಅಂದುಕೊಂಡೆ. ಕ್ಯಾಂಟೀನಿನ ಬಾಗಿಲಿಗೆ ದೊಡ್ಡ ಹಲಗೆ ಹಾಕಿಸಿ, ಯಾರಿಗೆ ಎಷ್ಟು ಬೇಳೆ, ಎಷ್ಟು ಸೊಪ್ಪು, ಎಷ್ಟು ಶೇಂಗಾ ಎಂದು ನಾನೇ ಬಣ್ಣದಲ್ಲಿ ಬರೆದು ಚಿತ್ರ ತೆಗೆದಿದ್ದೇನೆ. ಹಲಗೆಯ ಮೇಲೆ ಆ ಪದ ಹಾಕಿಲ್ಲ. ತಾನು ಏನು ಉಣ್ಣಬೇಕು ಎಂದು ಕೆಲಸಗಾರನಿಗೆ ಗೊತ್ತಿರಬೇಕು, ಅಲ್ಲವೇ?

ನಿನ್ನ,
ಅಮರಾ

———

ಲಿಂಗಸುಗೂರು
೧೬ ನವೆಂಬರ್ ೧೯೬೮

ಅಮರಾ,

ನೀನು ಎಲ್ಲಿದ್ದೀಯೋ ಗೊತ್ತಿಲ್ಲ. ಕ್ಯಾಂಪಿಗೆ ಬರೆದದ್ದು ವಾಪಸು ಬಂತು. ಇದನ್ನು ಕಾಲೇಜಿನ ವಿಳಾಸಕ್ಕೆ ಬರೆಯುತ್ತಿದ್ದೇನೆ.

ಅಮ್ಮೀ ಐದನೇ ತಾರೀಖು ಸಂಜೆ ಟ್ರಂಕು ಹೊತ್ತು ಮನೆಗೆ ಬಂದರು. ಒಂದು ವಾರ ಮಾತಾಡಲಿಲ್ಲ. ನಿನ್ನೆ ಚೂರುಚೂರೇ ಹೇಳಿದರು.

ಅಕ್ಟೋಬರ್ ಪೂರ್ತಿ ಉಗ್ರಾಣದಿಂದ ಬೇಳೆ ಅರ್ಧಕ್ಕರ್ಧ ಬರುತ್ತಿತ್ತಂತೆ. ಶೇಂಗಾ ನಿಂತೇಹೋಯಿತು. ಸೊಪ್ಪು ಇಲ್ಲ, ಎಣ್ಣೆ ಇಲ್ಲ. ಕೆಂಪು ಜೋಳದ ಮುದ್ದೆ, ಅದರ ಮೇಲೆ ಬೇಳೆಯ ತಿಳಿನೀರು. ಐದನೇ ತಾರೀಖು ಮಧ್ಯಾಹ್ನ ಜನ ತಾಟು ಎಸೆದರು. ಅವರಲ್ಲಿ ಓದಲು ಬರುವ ಒಬ್ಬ ಬಾಗಿಲ ಹಲಗೆಯನ್ನು ಗಟ್ಟಿಯಾಗಿ ಓದಿದನಂತೆ, ಇಷ್ಟು ಬೇಳೆ, ಇಷ್ಟು ಶೇಂಗಾ, ಇಷ್ಟು ಸೊಪ್ಪು. "ಬರದದ್ದೆಲ್ಲ ಎಲ್ಲಿ ಹೋತು ಮುದುಕೀ?" ಎಂದು ಕೂಗಿದರಂತೆ.

"ನನಗ ಬಂದದ್ದನ್ನ ನಾ ಹಾಕೀನಿ" ಅಂದರಂತೆ ಅಮ್ಮೀ.

ಇಂಜಿನಿಯರು ಬಂದರು. ಕಾರಭಾರಿ, ಎಲ್ಲ ಪಟ್ಟಿಯ ಪ್ರಕಾರವೇ ಅಡುಗೆಗೆ ಕೊಟ್ಟಿದ್ದೇನೆ ಅಂದ. ಅಮ್ಮೀಯ ಟ್ರಂಕನ್ನು ಮುನ್ನೂರು ಜನರ ಎದುರು ಬಗ್ಗಿಸಿದರು. ಎರಡು ಸೀರೆ, ಅಬ್ಬಾನ ಟೊಪ್ಪಿಗೆ, ನನ್ನ ಕಾಗದಗಳು ಬಿದ್ದವು. ಏನೂ ಸಿಗಲಿಲ್ಲ. "ಮಾರಿಕೊಂಡಿರಬೇಕು" ಅಂದ ಕಾರಭಾರಿ. ಅಷ್ಟಕ್ಕೇ ಕೆಲಸದಿಂದ ತೆಗೆದರು. ಮಾರೆಮ್ಮ ಒಬ್ಬಳೇ ಬಂದು ಬಿದ್ದ ಸೀರೆಗಳನ್ನು ಆರಿಸಿ ಮಡಚಿ ಕೊಟ್ಟಳಂತೆ.

ನೀನು ಅಲ್ಲಿ ಇರಲಿಲ್ಲ ಅಂತ ನನಗೆ ಗೊತ್ತು. ಇದ್ದಿದ್ದರೆ ಹೀಗೆ ಆಗುತ್ತಿರಲಿಲ್ಲ. ಆದರೂ ಬರೆ, ನೀನು ಯಾವತ್ತು ಹೊರಟೆ? ನೀನಿದ್ದಾಗಲೂ ತೂಕ ಕಡಿಮೆ ಬರುತ್ತಿತ್ತೇ?

ಮೆಹರ್

———

ಬೆಂಗಳೂರು
೨೨ ನವೆಂಬರ್ ೧೯೬೮

ಪ್ರಿಯ ಮೆಹರ್,

ನಿನ್ನ ಕಾಗದ ಮುಟ್ಟಿತು. ನಾನು ಒಂದನೇ ತಾರೀಖಿಗೇ ಹೊರಟೆ. ಅದಕ್ಕೂ ಮೊದಲು ಉಗ್ರಾಣದ ಕಡೆ ಹೆಚ್ಚು ಹೋಗಲಾಗಿರಲಿಲ್ಲ, ವರದಿ ತಿದ್ದುವುದರಲ್ಲೇ ದಿನ ಹೋಯಿತು.

ಖಾಲಾ ಹಾಗೆ ಮಾಡುವವರಲ್ಲ ಎಂದು ಯಾರಿಗೆ ಗೊತ್ತಿಲ್ಲ? ಜನ ಮರೆಯುತ್ತಾರೆ. ಅವರ ಆರೋಗ್ಯ ನೋಡಿಕೋ. ಈ ವಯಸ್ಸಿನಲ್ಲಿ ದಿನಕ್ಕೊಂದು ಲೋಟ ಹಾಲು ಒಳ್ಳೆಯದು.

ಇಲ್ಲಿ ನನ್ನ ವರದಿಯನ್ನು ಎಲ್ಲರ ಮುಂದೆ ಓದಿಸಿದರು. ತಲೆಗೆ ತಗಲುವ ಖರ್ಚು ಇಳಿದದ್ದನ್ನು ಮೆಚ್ಚಿಕೊಂಡರು. ಹೊಸ ವರ್ಷಕ್ಕೆ ಒಂದು ದೊಡ್ಡ ಆಸ್ಪತ್ರೆಯಲ್ಲಿ ಕೆಲಸ ಸಿಗಬಹುದು.

ಅಮರಾ

———

ಲಿಂಗಸುಗೂರು
೧೬ ಫೆಬ್ರವರಿ ೧೯೬೯

ಅಮರಮ್ಮ,

ಮೂರು ತಿಂಗಳು ನಾನು ಬರೆಯಲಿಲ್ಲ, ನೀನೂ ಬರೆಯಲಿಲ್ಲ. ನಿನಗೆ ಹೊಸ ಕೆಲಸದ ಗಡಿಬಿಡಿ ಅಂದುಕೊಂಡಿದ್ದೆ.

ಮೊನ್ನೆ ಬಸ್ ಸ್ಟ್ಯಾಂಡಿನಲ್ಲಿ ರಾಜೇಸಾಬ್ ಸಿಕ್ಕ. ನಿಮ್ಮ ಇಂಜಿನಿಯರ ಆಫೀಸಿನ ಜವಾನ, ನಮಗೆ ದೂರದ ಸಂಬಂಧ. ಅಮ್ಮೀ ಹೇಗಿದ್ದಾರೆ ಎಂದು ಕೇಳಿದ. ಹೇಳಿದೆ. ರಂಜಾನ್ ತಿಂಗಳು ಪೂರ್ತಿ ಒಬ್ಬರೂ ಅಮ್ಮೀಯನ್ನು ಅಡುಗೆಗೆ ಕರೆಯಲಿಲ್ಲ. ನಮ್ಮದೇ ಓಣಿಯ ಮದುವೆಗೆ ಸಿಂಧನೂರಿನಿಂದ ಬೇರೆಯವಳನ್ನು ತರಿಸಿದರು. ಉಂಡು ಬಂದವರು ಅಮ್ಮೀಯ ಮುಂದೆಯೇ ಅಡುಗೆ ಹೊಗಳಿದರು.

ರಾಜೇಸಾಬ್ ಹೆಗಲ ಮೇಲಿನ ಟವೆಲ್ಲು ತೆಗೆದು ಮುಖ ಒರೆಸಿಕೊಂಡ. ಆಮೇಲೆ, "ನಿಮ್ಮ ಅಮ್ಮೀನ ತೆಗೆದ ದಿನ ಆಫೀಸಿನ ಒಳಗ ನಾಕು ಕಪ್ಪು ಚಹಾ ಕೊಟ್ಟೆ ತಂಗಿ. ಸಾಹೇಬ್ರಿಗೆ ಒಂದು, ಓವರಸೀಯರಿಗೆ ಒಂದು, ಕಾರಭಾರಿಗೆ ಒಂದು, ಪಲ್ಯದಕ್ಕೋರಿಗೆ ಒಂದು" ಅಂದ.

ನಾನು, ಅವಳು ಒಂದನೇ ತಾರೀಖಿಗೇ ಹೋಗಿದ್ದಳಲ್ಲ ಅಂದೆ.

"ಆರನೇ ತಾರೀಖಿಗೆ ನಾನ ಆಕಿ ಸಾಮಾನು ಬಸ್ಸಿಗೆ ಹಾಕೀನಿ" ಅಂದ.

ಮಾರೆಮ್ಮನ ಸುದ್ದಿಯನ್ನೂ ಹೇಳಿದ. ಹೆರಿಗೆಯಾಗಿದೆ. ಸಂಜೆಯಾದರೆ ಮತ್ತೆ ಕಣ್ಣು ಕಾಣುವುದಿಲ್ಲವಂತೆ. ತಡವರಿಸಿ ಬೀಳುವವಳು ಬೇಡ ಎಂದು ಕೆಲಸ ಬಿಡಿಸಿದ್ದಾರೆ.

ಉತ್ತರ ಬೇಕು. ಹಾಲಿನ ಲೋಟದ ವಿಷಯ ಬೇಡ.

ಮೆಹರಬಾನು

———

ರಾಯಚೂರು
ಸರಕಾರಿ ಆಸ್ಪತ್ರೆ
೫ ಮಾರ್ಚ್ ೧೯೬೯

ಮೆಹರ್,

ನಾನು ಅಲ್ಲಿದ್ದೆ.

ಇಂಜಿನಿಯರ ಕೋಣೆಯಲ್ಲಿ, ಬೀರುವಿನ ಪಕ್ಕದ ಕುರ್ಚಿಯಲ್ಲಿ ಕೂತಿದ್ದೆ. ಖಾಲಾ ಹೊರಗೆ ಪಡಸಾಲೆಯಲ್ಲಿ ನಿಂತಿದ್ದರು, ನಡುವೆ ಬಾಗಿಲಿಗೆ ಪರದೆ. ಪಟ್ಟಿಯ ಪ್ರಕಾರ ಸಾಮಾನು ಅಡುಗೆಗೆ ಹೋಗುತ್ತಿತ್ತೇ ಎಂದು ಇಂಜಿನಿಯರು ಕೇಳಿದರು. ಮುದುಕಪ್ಪನವರು, "ಪಟ್ಟಿ ಮಾಡಿದೋರ ಇಲ್ಲೇ ಕುಂತಾರಲ್ರೀ, ಕೇಳ್ರಿ" ಅಂದರು. ಹಾಗೆನ್ನುತ್ತಾ ಮೇಜಿನ ಮೇಲಿದ್ದ ನನ್ನ ಸರ್ಟಿಫಿಕೇಟಿನ ಕಾಗದವನ್ನು ತಮ್ಮ ಕಡೆ ಎಳೆದುಕೊಂಡರು. ಸೆಪ್ಟೆಂಬರಿನಲ್ಲೇ ಮುಗಿಸುತ್ತೇನೆ ಅಂದವರು ಅವತ್ತಿನವರೆಗೂ ಸಹಿ ಹಾಕಿರಲಿಲ್ಲ.

"ಪಟ್ಟಿ ನನ್ನದೇ. ಸಹಿಯೂ ನನ್ನದೇ" ಅಂದೆ.

ಇಂಜಿನಿಯರಿಗೆ ಅಷ್ಟು ಸಾಕಾಯಿತು. ನಾನು ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಆದರೆ ಬೇಳೆ ಅರ್ಧ ಬರುತ್ತಿದ್ದುದು ಮೂರು ವಾರದಿಂದ ನನಗೆ ಗೊತ್ತಿತ್ತು. ಉಗ್ರಾಣದ ತಕ್ಕಡಿಯಲ್ಲಿ ನಾನೇ ತೂಗಿ ನೋಡಿದ್ದೆ. ಖಾಲಾ, "ಹಲಗಿ ಮ್ಯಾಲಿಂದು ಅಳಿಸಿಬಿಡು ಅಮರವ್ವಾ, ಮಂದಿ ನನ್ನ ನೋಡೋದು ಬ್ಯಾರೆ ಆಗೇತಿ" ಅಂತ ಒಮ್ಮೆ ಕೇಳಿದ್ದರು. ಇನ್ಸ್‌ಪೆಕ್ಷನ್ ಮುಗಿಯಲಿ ಖಾಲಾ ಅಂದಿದ್ದೆ. ಆ ಹಲಗೆಯೇ ನನ್ನ ವರದಿಯ ಮೊದಲ ಪುಟದ ಫೋಟೋ.

ಅಪ್ಪನಿಗಾಗಿ ಮಾಡಿದೆ ಎಂದು ನನಗೆ ನಾನೇ ಹೇಳಿಕೊಂಡು ನೋಡಿದೆ. ಕೇಳಿದ್ದರೆ ಅಪ್ಪ ಬೇಡ ಅನ್ನುತ್ತಿದ್ದರು. ಮಾಡಿದ್ದು ನನಗಾಗಿ.

ಇಂಜಿನಿಯರ ಕಚೇರಿಗೆ ಎಲ್ಲ ವಿವರಿಸಿ ಬರೆದಿದ್ದೇನೆ. ಆ ಭಾಗದ ಕೆಲಸ ಮುಗಿದಿದೆ, ಕ್ಯಾಂಟೀನು ಮುಚ್ಚಿದೆ, ಸಂಬಂಧಪಟ್ಟ ಕಡತ ಮುಕ್ತಾಯವಾಗಿದೆ ಎಂದು ಎರಡು ಸಾಲಿನ ಉತ್ತರ ಬಂತು. ಇನ್ನೇನು ಮಾಡಲಿ ಹೇಳು. ನೀನು ಹೇಳಿದ್ದನ್ನು ಮಾಡುತ್ತೇನೆ.

ಅಮರಾ

———

ಲಿಂಗಸುಗೂರು
೨ ಏಪ್ರಿಲ್ ೧೯೬೯

ಅಮರಮ್ಮ,

ಇಂಜಿನಿಯರಿಗೆ ಬರೆಯುವುದು ಸುಲಭ. ಅವನು ಹಿಟ್ಟಿನ ಕೈಯಲ್ಲಿ ನಿನ್ನ ಕೆನ್ನೆ ಹಿಡಿದವನಲ್ಲ.

ಅಮ್ಮೀಗೆ ನಾನು ಏನೂ ಹೇಳಿಲ್ಲ. ನವೆಂಬರಿನಲ್ಲಿ ನಿನ್ನ ಕಾಗದ ಬಂದಾಗ, ನೀನು ಒಂದನೇ ತಾರೀಖಿಗೇ ಹೊರಟಿದ್ದೆಯಂತೆ ಎಂದು ಓದಿ ಹೇಳಿದ್ದೆ. "ಹೌದಾ" ಅಂದಿದ್ದರು, ಅಷ್ಟೇ. ಆ ಮಾತು ಅವರ ಮಟ್ಟಿಗೆ ಇನ್ನೂ ನಿಜವಾಗಿಯೇ ಇದೆ. ಅದನ್ನು ಮುರಿಯುವ ಕೆಲಸ ನನ್ನದಲ್ಲ.

ಮೇ ತಿಂಗಳಲ್ಲಿ ಶಾಲೆಗೆ ರಜೆ, ನಾನು ಮನೆಯಲ್ಲೇ ಇರುತ್ತೇನೆ. ಬಾ. ಅಮ್ಮೀ ಎದುರು ಕೂತು ನಿನ್ನ ಬಾಯಿಂದಲೇ ಹೇಳು. ಬೈದರೆ ಬೈಸಿಕೋ. ಆಮೇಲೆ ನಮ್ಮ ಓಣಿಯ ನಾಲ್ಕು ಜನರ ಮುಂದೆಯೂ ಅದನ್ನೇ ಹೇಳು. ನೀನು ಓದಿದವಳು, ಸರಕಾರಿ ನೌಕರಿಯವಳು, ನಿನ್ನ ಮಾತು ನಂಬುತ್ತಾರೆ. ನಾನು ಕೇಳುವುದು ಇಷ್ಟೇ. ಇಷ್ಟು ಮಾಡಿದರೆ ಉಳಿದದ್ದನ್ನು ನಾನು ನುಂಗಿಕೊಳ್ಳಬಲ್ಲೆ.

ಮೆಹರಬಾನು

———

ರಾಯಚೂರು
೨೧ ಮೇ ೧೯೬೯

ಪ್ರಿಯ ಮೆಹರ್,

ಬಸ್ಸು ಸರಿಯಾಗಿ ಸಿಕ್ಕಿತು. ಸುಖವಾಗಿ ಮುಟ್ಟಿದೆ.

ಖಾಲಾ ಹಾಕಿದ ಊಟ ಮರೆಯಲಾರೆ. ಅವರು ಸ್ವಲ್ಪ ಇಳಿದುಹೋಗಿದ್ದಾರೆ. ಮತ್ತೊಮ್ಮೆ ಬಂದಾಗ ಸಾವಕಾಶವಾಗಿ ಕೂತು ಮಾತಾಡಬೇಕು.

ಅಮರಾ

———

ಲಿಂಗಸುಗೂರು
೯ ಜೂನ್ ೧೯೬೯

ಅಮರಮ್ಮ,

ನೀನು ಬಂದೆ. ಬೆಳಿಗ್ಗೆ ಹತ್ತಕ್ಕೆ ಬಂದು ನಾಲ್ಕರವರೆಗೆ ಇದ್ದೆ. ನಾನು ನೀರಿನ ನೆಪ ಮಾಡಿಕೊಂಡು ಎರಡು ಸಲ ಹೊರಗೆ ಹೋದೆ, ನಿಮ್ಮಿಬ್ಬರನ್ನೇ ಬಿಟ್ಟು. ಎರಡನೆಯ ಸಲ ಖಾಲಿ ಕೊಡ ಇಟ್ಟುಕೊಂಡು ಬಾವಿಕಟ್ಟೆಯ ಮೇಲೆ ಕೂತಿದ್ದೆ. ಒಳಗಿನಿಂದ ಅಳು ಕೇಳುತ್ತದೆ, ಕೂಗಾಟ ಕೇಳುತ್ತದೆ ಎಂದು ಕಾದೆ. ತಿರುಗಿ ಬಂದಾಗ ನೀನು ಮೂರನೆಯ ರೊಟ್ಟಿ ಹಾಕಿಸಿಕೊಳ್ಳುತ್ತಿದ್ದೆ. ಬದನೆಕಾಯಿಯಲ್ಲಿ ಏನೇನು ಸತ್ವ ಇದೆ ಎಂದು ಅಮ್ಮೀಗೆ ಹೇಳುತ್ತಿದ್ದೆ.

ನಿನ್ನ ಬಸ್ಸು ಹೋದಮೇಲೆ ನನಗೆ ತಡೆಯಲಾಗಲಿಲ್ಲ. ಅಮ್ಮೀ ತಾಟು ಬೆಳಗುತ್ತಿದ್ದರು. ನಾನೇ ಹೇಳಿಬಿಟ್ಟೆ. ಒಂದನೇ ತಾರೀಖು ಸುಳ್ಳು, ಅವಳು ಆ ದಿನ ಒಳಗೇ ಕೂತಿದ್ದಳು ಅಂದೆ.

ಅಮ್ಮೀ ಬೆಳಗುವುದನ್ನು ನಿಲ್ಲಿಸಲಿಲ್ಲ.

"ನನಗ ಗೊತ್ತಿತ್ತು ಬೇಟಾ" ಅಂದರು. "ಬಾಗಿಲ ಹೊರಗ ಆಕಿ ಚಪ್ಪಲಿ ಇದ್ದವು. ಎಡದ್ದರ ಉಂಗುಟ ಕಿತ್ತಿತ್ತು, ನಾನ ಹೊಲಿಸಿ ಕೊಟ್ಟಿದ್ದೆ. ಪರದಿ ಆಚೆ ಆಕಿ ಧ್ವನೀನೂ ಕೇಳ್ತು. ಪಟ್ಟಿ ನನ್ನದು ಅಂದಳು. ಮುಂದ ಇನ್ನೊಂದು ಮಾತು ಬರ್ತೈತಿ ಅಂತ ನಿಂತೆ. ಬರಲಿಲ್ಲ."

ಇಷ್ಟು ದಿನ ಯಾಕೆ ಸುಮ್ಮನಿದ್ದಿರಿ ಅಂದೆ.

"ನಿನಗ ಇರೋದು ಆಕಿ ಒಬ್ಬಾಕಿ ಗೆಳತಿ. ನನ್ನ ಕೈಯಾರೆ ಯಾಕ ಕೆಡಸ್ಲಿ ಅಂತಿದ್ದೆ" ಅಂದರು.

ಅಮರಮ್ಮ, ನಾನು ಅವರಿಂದ ಮುಚ್ಚಿಟ್ಟೆ, ಅವರು ನನ್ನಿಂದ ಮುಚ್ಚಿಟ್ಟರು. ಅವರು ಆರು ತಿಂಗಳು, ನಾನು ಮೂರು ತಿಂಗಳು, ಒಂದೇ ಮನೆಯಲ್ಲಿ ಇಬ್ಬರೂ ನಿನ್ನ ಮಾನ ಕಾಯ್ದೆವು. ಇಲ್ಲಿ ಓಣಿಯಲ್ಲಿ ಅವರ ಮಾನ ಕಾಯಲು ಯಾರೂ ಇರಲಿಲ್ಲ.

"ಇವತ್ತ ಹೇಳ್ತಾಳ ಅಂತ ಇದ್ದೆ. ಊಟಕ್ಕ ಮೊದಲ ಹೇಳ್ತಾಳೇನೊ ಅಂದುಕೊಂಡೆ. ಆಮ್ಯಾಲ ಹೇಳ್ತಾಳೇನೊ ಅಂದು ಇನ್ನೊಂದು ರೊಟ್ಟಿ ಬಡದೆ. ಆಕಿ ಉಂಡು ಕೈ ತೊಳಕೊಂಡಳು" ಅಂದರು.

ಇನ್ನು ಅವಳು ಬಂದರೆ ಏನು ಮಾಡುತ್ತೀರಿ ಎಂದು ಕೇಳಿದೆ. ತೊಳೆದ ತಾಟುಗಳನ್ನು ಗೋಡೆಗೆ ಒರಗಿಸಿಟ್ಟರು.

"ಹಸಿದು ಬಂದ್ರ ಹಾಕ್ತೀನಿ. ಯಾರಿಗೂ ಇಲ್ಲ ಅಂದಾಕಿ ಅಲ್ಲ ನಾ. ಕುಂತು ಮಾತಾಡಂಗಿಲ್ಲ" ಅಂದರು.

ನಾನು ಅವರಷ್ಟು ಒಳ್ಳೆಯವಳಲ್ಲ. ಬರಬೇಡ.

ಮೆಹರಬಾನು